ಸಿಸ್ಟರ್ ಕೇಳುತ್ತಿದ್ದ ಹಾಡು

೧೯೯೬ರಲ್ಲಿ ಎಂಟನೇ ಕ್ಲಾಸಿಗೆ ಕಮಲಾಪುರದ ಸಾಲಿ ಬಿಟ್ಟು ರಿಪೇರಿ ಕೆಲಸ ಕಲಿತೆ. ಕಲಬುರಗಿಯ ಸ್ಟೇಶನ್ ಬಜಾರದ ಅಂಗಡಿಯಾಗ ನಾನು ರಿಪೇರಿ ಮಾಡಿದ ಸ್ಪೀಕರ್ ಮತ್ತೆ ಕೆಟ್ಟು ಎಂದೂ ವಾಪಸ್ ಬಂದಿರಲಿಲ್ಲ.

ಒಬ್ಬ ನರ್ಸ್ ವೈರ್ ಕಿತ್ತ ಸ್ಪೀಕರ್ ತಂದರು. ವೈರ್ ಹಾಕಿ ಅವರ ಮೊಬೈಲಿನ ಹಾಡು ಹಚ್ಚಿದರೆ ಬರೀ ಕಿರುಚಾಟ, ಗರಗರ. ಒಳಗಿನ ಕಾಯಿಲ್ ಎರಡು ಸಲ ಬದಲಿಸಿದೆ. ಗರಗರ ಹೋಗಲಿಲ್ಲ.

“ಅಣ್ಣಾರ, ಇದು ಬ್ಲ್ಯಾಕ್ ಮೆಟಲ್, ಫಾರಿನ್ ರಾಕ್ ಸಂಗೀತ. ಹಾಡೇ ಹಿಂಗ!” ಎಂದು ಸ್ಪೀಕರ್ ಒಯ್ಯಲು ಬಂದ ಸಿಸ್ಟರ್ ನಕ್ಕರು.

“ಹಾಡೇನ್ರಿ? ದೆವ್ವ ಹೊಕ್ಕಂಗ ಅದ.”

“ಜರಾ ತಡೀರಿ.” ಮಾತುಮಾತಿಗೆ ಹಾಗನ್ನುವವರು. ನಾಡಿ ಹಿಡಿದಂತೆ ಡಬ್ಬಿಯ ಮೇಲೆ ಎರಡು ಬೆರಳಿಟ್ಟರು. “ಕಿರುಚೋದು ಬಿಡ್ರಿ. ಅದರ ಹಿಂದಿನ ಗಿಟಾರ್ ಕೇಳ್ರಿ.”

ನಾನೂ ಬೆರಳಿಟ್ಟೆ. ಯಾರೋ ಒಳಗೊಳಗೇ ಅಳುವಂಥ ರಾಗ ಕೇಳಿಸಿತು.

“ತಪ್ಪಾಯ್ತ್ರೀ ಸಿಸ್ಟರ್” ಅಂದೆ. ಗಿರಾಕಿಗೆ ಆ ಮಾತು ಅಂದದ್ದು ಅದೇ ಮೊದಲು.

ಮುಂದೆ ಅವರಿಗೆ ಬೇರೆ ಊರಿಗೆ ವರ್ಗವಾಯಿತು. ಈಗ ನನ್ನ ಹತ್ತಿರ ಒಂದು ಅಂಗಡಿ, ಹೋಗುವಾಗ ಅವರು ನನ್ನ ಮೊಬೈಲಿಗೆ ಹಾಕಿಕೊಟ್ಟ ಒಂಬತ್ತು ಹಾಡು ಅವ. ಏಳು ಹಿಡಿಸ್ಯಾವ.