ಹುಳದಕ್ಕನ ಲೇಬಲ್ ಪಾರಾಯಣ

ಹುಳದಕ್ಕನನ್ನು ಒಮ್ಮೆ ಮನೆಗೆ ಕರೆಸಿದವರು ಅವಳನ್ನು ಸುಲಭಕ್ಕೆ ಮರೆಯುತ್ತಿರಲಿಲ್ಲ. ಜಿರಳೆ ಹೋಯಿತು ಎನ್ನುವ ಕಾರಣಕ್ಕಲ್ಲ, ಅದು ಯಾರು ಹೊಡೆದರೂ ನಾಲ್ಕು ದಿನವಾದರೂ ಹೋಗುತ್ತದೆ. ಇವಳು ಔಷಧಿ ಹೊಡೆಯುವ ಮುಂಚೆ ಮನೆಯವರನ್ನೆಲ್ಲ ಎದುರು ನಿಲ್ಲಿಸಿಕೊಂಡು, ಕ್ಯಾನಿಗೆ ಅಂಟಿಸಿದ್ದ ಪುಟ್ಟ ಪುಸ್ತಕದಂಥ ಲೇಬಲ್ಲನ್ನು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಗಟ್ಟಿಯಾಗಿ ಓದುತ್ತಿದ್ದಳು. ಎಷ್ಟು ನೀರಿಗೆ ಎಷ್ಟು ಔಷಧಿ, ಎಲ್ಲಿ ಹೊಡೆಯಬಾರದು, ಎಷ್ಟು ಹೊತ್ತು ಬಾಗಿಲು ಹಾಕಿರಬೇಕು, ಮೈಮೇಲೆ ಬಿದ್ದರೆ ಏನು, ಕಣ್ಣಿಗೆ ಬಿದ್ದರೆ ಏನು. ನಡುವೆ ಯಾರಾದರೂ ಫೋನು ನೋಡಿದರೆ ನಿಲ್ಲಿಸಿ ಕಾಯುತ್ತಿದ್ದಳು. ಬೀದಿಯವರು ಅದಕ್ಕೆ ಲೇಬಲ್ ಪಾರಾಯಣ ಎಂದು ಹೆಸರಿಟ್ಟು ನಗುತ್ತಿದ್ದರು.

ನಗುವವರಿಗೇನು ಗೊತ್ತು. ಈ ಓದು ಶುರುವಾಗಿದ್ದು ಮಗಳ ಬೆನ್ನಿನಿಂದ. ಮಗಳಿಗೆ ಆಗ ಒಂದೂವರೆ ವರ್ಷ. ಗಂಡ ಒಬ್ಬ ಕಂಟ್ರಾಕ್ಟರನ ಕೈಕೆಳಗೆ ಗೋದಾಮುಗಳಿಗೆ ಔಷಧಿ ಹೊಡೆಯುತ್ತಿದ್ದ. ಸಂಜೆ ಅವನು ಬಿಚ್ಚಿಟ್ಟ ಅಂಗಿಯನ್ನೂ ಮಗುವಿನ ಬಟ್ಟೆಯನ್ನೂ ಇವಳು ಒಂದೇ ಬಕೆಟ್ಟಿನಲ್ಲಿ ನೆನೆಹಾಕುತ್ತಿದ್ದಳು. ಮಗುವಿನ ಬೆನ್ನು ತುಂಬ ಕೆಂಪು ಗುಳ್ಳೆಗಳೆದ್ದವು. ಮೂರು ಮುಲಾಮು ಬದಲಾಯಿಸಿದರೂ ಹೋಗಲಿಲ್ಲ. ಕೊನೆಗೆ ಗಂಡನ ಚೀಲದಲ್ಲಿದ್ದ ಖಾಲಿ ಕ್ಯಾನನ್ನು ಕವರಿನಲ್ಲಿ ಸುತ್ತಿಕೊಂಡು ಔಷಧಿ ಮಾರುವ ಅಂಗಡಿಗೇ ಹೋಗಿ ಗಲ್ಲಾದ ಮೇಲೆ ಕುಕ್ಕಿ, ಇದೇನು ವಿಷ ಮಾರುತ್ತೀರಿ ಎಂದು ಜಗಳ ತೆಗೆದಳು.

ಅಂಗಡಿಯವನು ಬಿಸಿಯಾಗಲಿಲ್ಲ. "ವಿಷಾನೇ ಮಾರೋದು ಕಣಮ್ಮಾ, ಬೋರ್ಡಲ್ಲೇ ಬರ್ದಿದೆ," ಎಂದ. "ಇಲ್ನೋಡಿ, ಮೂರನೇ ಪುಟ. ಕೆಲಸದ ಬಟ್ಟೆ ಬೇರೆ ಒಗೀಬೇಕು. ಯಾರೂ ಓದಲ್ಲ, ಆಮೇಲೆ ನನ್ನ ಮೇಲೆ ಬೀಳ್ತಾರೆ."

ಅವಳು ಅಲ್ಲೇ ನಿಂತು ಮೂರನೇ ಪುಟ ಓದಿದಳು, ಆಮೇಲೆ ಉಳಿದ ಪುಟಗಳನ್ನೂ ಓದಿದಳು. ಮನೆಗೆ ಬಂದು ಗಂಡನಿಗೂ ಓದಿ ಹೇಳಿದಳು. "ಅದೇನು ಕಾದಂಬರೀನಾ ಕೂತ್ಕೊಂಡು ಓದೋಕೆ?" ಎಂದು ಅವನು ಮೂಗು ಮುರಿದ. ಎರಡು ಬಕೆಟ್ಟಾದ ಮೇಲೆ ಹದಿನೈದು ದಿನದಲ್ಲಿ ಮಗುವಿನ ಬೆನ್ನು ತಿಳಿಯಾಯಿತು. ಅವನ ಮೂಗು ನೆಟ್ಟಗಾಗಲು ಇನ್ನೂ ಸ್ವಲ್ಪ ದಿನ ಹಿಡಿಯಿತು.

ಅಷ್ಟರಲ್ಲಿ ಹೊಸ ಕಾನೂನು ಬಂತು. ಬೇರೆಯವರ ಜಾಗದಲ್ಲಿ ಔಷಧಿ ಹೊಡೆಯುವವರಿಗೆ ಸರ್ಟಿಫಿಕೇಟ್ ಬೇಕು, ಇಲ್ಲದವರು ಪಂಪು ಹೆಗಲಿಗೇರಿಸುವಂತಿಲ್ಲ. ಗಂಡ ಹೆಂಡತಿ ಇಬ್ಬರೂ ಅರ್ಜಿ ಹಾಕಿದರು. ಅವನಿಗೆ ಕೆಲಸ ಗೊತ್ತಿತ್ತು, ಇವಳಿಗೆ ಲೇಬಲ್ ಗೊತ್ತಿತ್ತು. ಪರೀಕ್ಷೆಯಲ್ಲಿ ಕೇಳಿದ್ದೆಲ್ಲ ಲೇಬಲ್ಲೇ. ಇವಳು ಪಾಸು, ಅವನು ಫೇಲು. ಇನ್ನೊಮ್ಮೆ ಬರೆದ, ಇನ್ನೊಮ್ಮೆ ಫೇಲಾದ. ಮೂರನೇ ಸಲ ಅರ್ಜಿ ಹಾಕುವ ಬದಲು ಒಂದು ಹಳೇ ವ್ಯಾನು ಕೊಂಡು, "ನಡಿಯಮ್ಮಾ ಧಣಿ, ಎಲ್ಲಿಗೆ?" ಎಂದು ಸ್ಟೀರಿಂಗ್ ಹಿಡಿದು ಕೂತ. ಇದರಲ್ಲಿ ಅವನಿಗೆ ಎಳ್ಳಷ್ಟೂ ಬೇಸರವಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಇದ್ದ ಬೇಸರವನ್ನೆಲ್ಲ ಗೇರುಗಳ ಮೇಲೆ ತೀರಿಸಿಕೊಂಡ.

ಸರ್ಟಿಫಿಕೇಟ್ ಪಡೆದರೆ ಮುಗಿಯಲಿಲ್ಲ, ಅದನ್ನು ಉಳಿಸಿಕೊಳ್ಳಬೇಕು. ವರ್ಷಕ್ಕೊಮ್ಮೆ ರಕ್ತ ಪರೀಕ್ಷೆ, ಎರಡು ದಿನದ ತರಗತಿ. ಎಲ್ಲಿ, ಯಾವಾಗ, ಏನು, ಎಷ್ಟು ಹೊಡೆದೆ ಎಂದು ಅಂದಂದೇ ಬರೆಯುವ ರಿಜಿಸ್ಟರು. ಐದು ವರ್ಷಕ್ಕೊಮ್ಮೆ ಮತ್ತೆ ಪರೀಕ್ಷೆ. ಮನೆಯ ಗೋಡೆಯಲ್ಲಿದ್ದ ಚೌಕಟ್ಟು ಒಂದೇ, ಒಳಗಿನ ಕಾಗದ ಮಾತ್ರ ಬದಲಾಗುತ್ತ ಬಂತು. ಹಾಗೆ ನಾಲ್ಕು ಕಾಗದವಾದವು. ಮಗಳು ಓದಿ, ಮದುವೆಯಾಗಿ, ತನ್ನ ಮನೆಯಲ್ಲಿ ಬಟ್ಟೆ ಒಗೆಯುವ ಮಿಷನ್ನಿನ ಪುಸ್ತಕವನ್ನೂ ಪೂರ್ತಿ ಓದುವ ಹೆಂಗಸಾದಳು.

ಐವತ್ತಾದ ಮೇಲೆ ಹುಳದಕ್ಕನ ಕಣ್ಣು ಕೈಕೊಟ್ಟಿತು. ದೂರದ ಗೆದ್ದಲಿನ ಗೆರೆ ಸ್ಪಷ್ಟ, ಕೈಯಲ್ಲಿದ್ದ ಅಕ್ಷರ ಮಾತ್ರ ಕಲಸಿದ ಹಾಗೆ. ಕನ್ನಡಕ ಹಾಕಿಕೋ ಎಂದು ಗಂಡ ಹೇಳಿದ. ಕನ್ನಡಕದ ಕಡ್ಡಿ ಅಡ್ಡ ಬಂದರೆ ಮಾಸ್ಕು ಮುಖಕ್ಕೆ ಕೂರುವುದಿಲ್ಲ, ಸಂದಿಯಲ್ಲಿ ಗಾಳಿ ನುಗ್ಗುತ್ತದೆ ಎಂದು ಇವಳು ವಾದಿಸಿದಳು. ಮಾತು ನಿಜ. ಆದರೆ ಪಾರಾಯಣ ನಡೆಯುತ್ತಿದ್ದದ್ದು ಮಾಸ್ಕು ಹಾಕುವ ಮುಂಚೆ, ಆಗ ಕನ್ನಡಕಕ್ಕೆ ಏನು ಅಡ್ಡಿಯಿತ್ತು? ಅಡ್ಡಿ ಬಂದದ್ದು ಹೆದರಿಕೆ. ಕಣ್ಣು ಹೋಯಿತೆಂದು ಗೊತ್ತಾದರೆ ಸರ್ಟಿಫಿಕೇಟೂ ಹೋಗುತ್ತದೆ ಎಂದು ಅವಳಿಗೆ ಅವಳೇ ಹೇಳಿಕೊಂಡಿದ್ದಳು. ಯಾರನ್ನೂ ಕೇಳಲು ಹೋಗಲಿಲ್ಲ.

ಹೇಗೂ ಲೇಬಲ್ಲುಗಳೆಲ್ಲ ಬಾಯಿಪಾಠ. ಕ್ಯಾನನ್ನು ಎದೆಯ ಮಟ್ಟಕ್ಕೆ ಹಿಡಿದು, ಬೆರಳು ಸಾಲಿನ ಮೇಲೆ ಸರಿಸುತ್ತ, ಬೇಕಾದಲ್ಲಿ ಪುಟ ತಿರುಗಿಸುತ್ತ ಅವಳು ಒಪ್ಪಿಸುತ್ತಿದ್ದಳು. ಒಂದು ಮಾತೂ ತಪ್ಪುತ್ತಿರಲಿಲ್ಲ. ಮೂರು ವರ್ಷ ಹೀಗೇ ನಡೆಯಿತು, ಒಬ್ಬರಿಗೂ ಅನುಮಾನ ಬರಲಿಲ್ಲ.

ಐದನೇ ಕಾಗದದ ಪರೀಕ್ಷೆಗೆ ಹೊರಟ ದಿನ ಬೆಳಿಗ್ಗೆ ಆರಕ್ಕೆ ಶಿಶುವಿಹಾರದಲ್ಲಿ ಕೆಲಸ ಒಪ್ಪಿಕೊಂಡಿದ್ದಳು. ಅಡುಗೆ ಕೋಣೆಯ ಜಿರಳೆ ಮಕ್ಕಳ ಕೋಣೆಗೂ ಬಂದಿತ್ತು. ಅಲ್ಲಿನ ಆಯಾಗೆ ಓದು ಬರುತ್ತಿರಲಿಲ್ಲ, ಆದರೆ ಪಾರಾಯಣವನ್ನು ಕೈಕಟ್ಟಿ ಕೇಳುತ್ತಿದ್ದವಳು ಊರಿಗೆಲ್ಲ ಅವಳೊಬ್ಬಳೇ. ಅವಸರದಲ್ಲಿ ಹುಳದಕ್ಕ ಅವತ್ತು ಮೊದಲೇ ಕೈಗವಸು ಹಾಕಿಬಿಟ್ಟಿದ್ದಳು. ದಪ್ಪ ಬೆರಳಿಗೆ ಪುಟ ಸಿಗಲಿಲ್ಲ. ಸಿಗದಿದ್ದರೇನು ಎಂದು ಹಾಗೆಯೇ ಒಪ್ಪಿಸಿ ಮುಗಿಸಿದಳು. ಆರೂವರೆಗೆ ಔಷಧಿ ಹೊಡೆದಾಯಿತು. "ನಾಲ್ಕು ಗಂಟೆ ಬಾಗಿಲು ಹಾಕಿರ್ಲಿ. ಹತ್ತೂವರೆಗೆ ತೆಗ್ದು, ಒರೆಸಿ, ಮಕ್ಕಳನ್ನ ಬಿಡಿ," ಎಂದು ಬೀಗದ ಕೈ ಆಯಾಗೆ ಕೊಟ್ಟು ವ್ಯಾನು ಹತ್ತಿದಳು.

ಪರೀಕ್ಷೆಯ ಹಾಲಿನಲ್ಲಿ ಮೊದಲು ಮಾಸ್ಕಿನ ಪರೀಕ್ಷೆ, ಆಮೇಲೆ ಲೇಬಲ್ ಓದು, ಕೊನೆಗೆ ಬರವಣಿಗೆ. ಮಾಸ್ಕು ಸರಿಯಾಗಿ ಕೂತಿತು. ಪರೀಕ್ಷಕ ಬೋಳುತಲೆಯ, ನಿಧಾನದ ಮನುಷ್ಯ. ಮೇಜಿನ ಮೇಲೆ ಒಂದು ಕ್ಯಾನು ಇಟ್ಟ. ಹಸಿರು ಮುಚ್ಚಳ, ಜಿರಳೆಯ ಚಿತ್ರ. ಬೆಳಿಗ್ಗೆ ಹೊಡೆದದ್ದೂ ಅದನ್ನೇ. ಹುಳದಕ್ಕನಿಗೆ ನಗು ಬಂತು. ಬೆರಳು ಇಟ್ಟು ಶುರುಮಾಡಿದಳು. ನೀರಿನ ಅಳತೆ ಬಂತು, ಕೈಗವಸು ಬಂತು, ನಾಲ್ಕು ಗಂಟೆ ಬಂತು.

"ನಿಲ್ಸಿ," ಎಂದ ಪರೀಕ್ಷಕ. "ನಾಲ್ಕು ಗಂಟೆ ಎಲ್ಲಿದೆ?"

"ಇಲ್ಲೇ ಇದ್ಯಲ್ಲ ಸಾರ್."

"ಅದು ಹಳೇ ಲೇಬಲ್. ಹೋದ ತಿಂಗಳಿಂದ ಬದಲಾಗಿದೆ. ದೊಡ್ಡವರ ಕೋಣೆಗೆ ನಾಲ್ಕು ಗಂಟೆ, ಸರಿ. ಚಿಕ್ಕ ಮಕ್ಕಳಿರೋ ಕೋಣೆಗೆ ಇಪ್ಪತ್ನಾಲ್ಕು. ಮುಂದಿನ ಪುಟ ತಿರುಗಿಸಿ, ದಪ್ಪ ಅಕ್ಷರದಲ್ಲಿದೆ." ಅವನು ಹಾಳೆಯಲ್ಲಿ ಏನೋ ಗುರುತು ಹಾಕಿದ. "ಎರಡು ಅಂಕ ಹೋಯ್ತು, ಅಷ್ಟೇ. ಗಾಬರಿ ಆಗ್ಬೇಡಿ. ಬರವಣಿಗೆಗೆ ಕೂತ್ಕೊಳ್ಳಿ."

ಅವಳು ಕೂರಲಿಲ್ಲ. ಗೋಡೆಯ ಗಡಿಯಾರದಲ್ಲಿ ಹತ್ತು ಗಂಟೆ ಐದು ನಿಮಿಷ. ಎರಡು ಅಂಕ ಹೋದರೂ ಪಾಸಾಗುತ್ತಾಳೆ, ಸುಮ್ಮನಿದ್ದರೆ ಸಾಕು. ಮಕ್ಕಳ ಬೆನ್ನಿನ ಮೇಲೆ ಗುಳ್ಳೆ ಎದ್ದರೂ ಅದು ಔಷಧಿಯದ್ದೆಂದು ಹೇಳುವವರು ಯಾರು? ಇದನ್ನೆಲ್ಲ ಅವಳು ಯೋಚಿಸಿದಳು, ಯೋಚಿಸಲಿಲ್ಲ ಎಂದು ಹೇಳಿ ಅವಳನ್ನು ದೇವತೆ ಮಾಡುವುದು ಬೇಡ. ಆಮೇಲೆ ಕೇಳಿದಳು. "ಸಾರ್, ಒಂದು ಫೋನ್ ಮಾಡ್ಬೇಕು."

"ಮಧ್ಯದಲ್ಲಿ ಬಿಡೋ ಹಾಗಿಲ್ಲ. ಯಾಕೆ?"

ಮನೆಯಲ್ಲಿ ಯಾರಿಗೋ ಹುಷಾರಿಲ್ಲ ಎನ್ನಬಹುದಿತ್ತು. "ಬೆಳಿಗ್ಗೆ ಇದನ್ನೇ ಶಿಶುವಿಹಾರಕ್ಕೆ ಹೊಡ್ದು ಬಂದಿದೀನಿ. ನಾಲ್ಕು ಗಂಟೆ ಅಂತ ಹೇಳಿದೀನಿ. ಲೇಬಲ್ ಓದ್ಲಿಲ್ಲ ಸಾರ್. ನಂಗೆ ಅಕ್ಷರ ಕಾಣಲ್ಲ."

ಪರೀಕ್ಷಕ ಪೆನ್ನು ಕೆಳಗಿಟ್ಟು ಮೇಜಿನ ಫೋನನ್ನು ಅವಳ ಕಡೆ ತಳ್ಳಿದ. "ಮಾಡಿ. ಆದ್ರೆ ನಾನು ಕೇಳಿಸ್ಕೊಂಡಾಯ್ತು, ಬರೀಲೇಬೇಕು."

"ಬರೀರಿ," ಎಂದಳು. ಆ ಕಡೆ ಫೋನು ರಿಂಗಾಗುತ್ತಲೇ ಇತ್ತು, ಯಾರೂ ಎತ್ತಲಿಲ್ಲ. ಅವಳಿಗೆ ನೆನಪಿದ್ದ ನಂಬರು ಶಿಶುವಿಹಾರದ್ದೊಂದೇ, ಆ ಫೋನು ಇದ್ದದ್ದು ಬೀಗ ಹಾಕಿದ ಬಾಗಿಲ ಒಳಗೆ. ಅವಳು ಚೀಲವನ್ನೂ ಬಿಟ್ಟು ಹಾಲಿನಿಂದ ಓಡಿದಳು.

ವ್ಯಾನಿನಲ್ಲಿ ಗಂಡ ಪೇಪರು ಹಿಡಿದು ತೂಕಡಿಸುತ್ತಿದ್ದ. ಶಿಶುವಿಹಾರಕ್ಕೆ ಎಂದು ಇವಳು ಹತ್ತಿದ್ದೇ ಗೇರು ಹಾಕಿದ, ಈ ಸಲ ಮೆತ್ತಗೆ. ಎರಡು ಸಿಗ್ನಲ್ ದಾಟಿದ ಮೇಲೆ ಅವಳೇ ಎಲ್ಲ ಹೇಳಿದಳು. "ಮೂರು ವರ್ಷದಿಂದಾನಾ?" ಎಂದಷ್ಟೇ ಅವನು ಕೇಳಿದ.

ಶಿಶುವಿಹಾರದ ಗೇಟಿನ ಹತ್ತಿರ ತಲುಪಿದಾಗ ಹತ್ತೂವರೆ ದಾಟಿ ಐದು ನಿಮಿಷವಾಗಿತ್ತು. ಹದಿನೆಂಟು ಮಕ್ಕಳು ಅಂಗಳದ ಮರಳಿನಲ್ಲಿ ಆಡುತ್ತಿದ್ದರು. ಬಾಗಿಲಿಗೆ ಬೀಗ. ಆಯಾ ಮೆಟ್ಟಿಲ ಮೇಲೆ ಕೂತಿದ್ದಳು, ಬೀಗದ ಕೈ ಮುಷ್ಟಿಯಲ್ಲಿ. ಹೊತ್ತಾದರೂ ಬಾಗಿಲು ತೆಗೆದಿಲ್ಲವೆಂದು ಮುಖ್ಯ ಶಿಕ್ಷಕಿ ಅವಳನ್ನು ಬೈಯುತ್ತಿದ್ದರು.

"ತೆಗೀಬೇಡಿ!" ಹುಳದಕ್ಕ ಗೇಟಿನಿಂದಲೇ ಕೂಗಿದಳು. "ಇವತ್ತು ತೆಗೀಲೇಬೇಡಿ. ಆಯಮ್ಮಾ, ಯಾಕೆ ಇನ್ನೂ ತೆಗ್ದಿಲ್ಲ ನೀವು?"

ಆಯಾ ಎದ್ದು ನಿಂತಳು. "ನೀವು ಬರ್ಲಿ ಅಂತ ಕಾಯ್ತಿದ್ದೆ ಅಕ್ಕ. ಯಾವಾಗ್ಲೂ ಓದೋವಾಗ ಪುಟ ತಿರುಗಿಸ್ತೀರಿ. ಇವತ್ತು ಒಂದು ಸಲಾನೂ ತಿರುಗಿಸ್ಲಿಲ್ಲ. ಏನೋ ಬಿಟ್ಟೋಗಿದೆ ಅನ್ನಿಸ್ತು. ನಂಗೆ ಓದೋಕೆ ಬರಲ್ವಲ್ಲ, ಕೇಳಿನೇ ತೆಗೀಬೇಕು."

ಹುಳದಕ್ಕ ಮೆಟ್ಟಿಲ ಮೇಲೆ ಕುಸಿದು ಕೂತು ಎಲ್ಲರ ಎದುರೇ ಅತ್ತಳು. ಮಕ್ಕಳಿಗೆ ಅವಳ ಅಳು ಒಂದು ಆಟದ ಹಾಗೆ ಕಂಡಿತು, ಸುತ್ತ ಬಂದು ನಿಂತರು.

ಸರ್ಟಿಫಿಕೇಟ್ ಆರು ತಿಂಗಳು ಅಮಾನತಾಯಿತು. ಆಫೀಸಿನವರು ಬಂದು ಗೋಡೆಯಿಂದ ಇಳಿಸಿ ಒಯ್ದದ್ದು ಕಾಗದ ಮಾತ್ರ, ಖಾಲಿ ಚೌಕಟ್ಟನ್ನು ಗಂಡ ಮತ್ತೆ ಅಲ್ಲೇ ನೇತುಹಾಕಿದ. ಆ ಆರು ತಿಂಗಳು ಅವನು ವ್ಯಾನಿನಲ್ಲಿ ತರಕಾರಿ ಸಾಗಿಸಿದ. ಅವಳು ಮೂರು ವರ್ಷದ ರಿಜಿಸ್ಟರು ತೆಗೆದು ಪ್ರತಿ ಔಷಧಿಯ ಹೊಸ ಲೇಬಲ್ ತರಿಸಿ, ಕನ್ನಡಕ ಹಾಕಿಕೊಂಡು ಒಂದೊಂದೇ ಹೊಂದಿಸಿ ನೋಡಿದಳು. ಬದಲಾಗಿದ್ದದ್ದು ಅದೊಂದೇ. ಅಷ್ಟು ಸಮಾಧಾನ. ಕಣ್ಣು ಹೋದರೆ ಸರ್ಟಿಫಿಕೇಟ್ ಹೋಗುತ್ತದೆಯೇ ಎಂದು ಪರೀಕ್ಷಕನನ್ನು ಕೊನೆಗೂ ಕೇಳಿದಳು. ಮಾಸ್ಕಿನ ಒಳಗೇ ಕೂರಿಸುವ ಕನ್ನಡಕದ ಗಾಜು ಇಪ್ಪತ್ತು ವರ್ಷದಿಂದ ಸಿಗುತ್ತದೆ, ಅರ್ಧಕ್ಕರ್ಧ ಜನ ಅದನ್ನೇ ಹಾಕುತ್ತಾರೆ ಎಂದ ಅವನು. ಗಂಡ ಅವತ್ತು ಹೊಟ್ಟೆ ಹಿಡಿದುಕೊಂಡು ನಕ್ಕ. "ಲೇಬಲ್ ಎಲ್ಲಾ ಓದಿದೆ ಕಣೇ, ಮಾಸ್ಕಿನ ಡಬ್ಬಿ ಮೇಲಿಂದು ಓದ್ಲಿಲ್ಲ!"

ಆರು ತಿಂಗಳ ಮೇಲೆ ಪರೀಕ್ಷೆ ಪಾಸಾದಳು. ಮೊದಲ ಕೆಲಸ ಶಿಶುವಿಹಾರದ್ದೇ, ಮುಖ್ಯ ಶಿಕ್ಷಕಿ ಬೇಡವೆಂದರೂ ಆಯಾ ಹಟ ಹಿಡಿದು ಕರೆಸಿದ್ದಳು. ಹುಳದಕ್ಕ ಕನ್ನಡಕ ಏರಿಸಿ, ಕ್ಯಾನನ್ನು ಮುಖದ ಎದುರು ಹಿಡಿದು ಓದಿದಳು. ಮೊದಲಿನ ಓಟವಿರಲಿಲ್ಲ, ಒಂದನೇ ತರಗತಿಯವರ ಹಾಗೆ ಅಲ್ಲಲ್ಲಿ ತಡವರಿಸಿದಳು. ಆಯಾ ಕೈಕಟ್ಟಿ ಕೇಳಿದಳು, ಆದರೆ ಅವಳ ಕಣ್ಣು ಹುಳದಕ್ಕನ ಬಾಯಿಯ ಮೇಲಿರಲಿಲ್ಲ, ಬೆರಳಿನ ಮೇಲಿತ್ತು. ಮೊದಲ ಪುಟ ತಿರುಗಿತು, ಎರಡನೆಯದು ತಿರುಗಿತು. ಮೂರನೆಯದೂ ತಿರುಗಿದ ಮೇಲೆ ಆಯಾ ಸೆರಗಿನ ಗಂಟು ಬಿಚ್ಚಿ ಬೀಗದ ಕೈ ಕೊಟ್ಟಳು.