ಗೀಟಿಲ್ಲದ ಶೀಟು

ಆಸ್ಪತ್ರೆಯ ಹಿಂಭಾಗದಲ್ಲಿ, ಅಡುಗೆ ಮನೆಯನ್ನೂ ಆಕ್ಸಿಜನ್ ಸಿಲಿಂಡರುಗಳ ಷೆಡ್ಡನ್ನೂ ದಾಟಿ ಹೋದರೆ ಸಿಗುವ ಬಟ್ಟೆ ವಿಭಾಗದಲ್ಲಿ ಅವಳನ್ನು ಎಲ್ಲರೂ ಮಡಿಕೆ ಅಕ್ಕ ಅಂತಲೇ ಕರೆಯುತ್ತಿದ್ದರು. ಹೊಸದಾಗಿ ಕೆಲಸಕ್ಕೆ ಬಂದವರು, ಈಕೆ ಮೊದಲು ಮಣ್ಣಿನ ಮಡಿಕೆ ಮಾರುತ್ತಿದ್ದಳೇನೋ ಅಂದುಕೊಳ್ಳುವುದಿತ್ತು. ಹೆಸರು ಬಂದದ್ದು ಬಟ್ಟೆಯ ಮಡಿಕೆಯಿಂದ. ಒಗೆದು ಒಣಗಿ, ಇಸ್ತ್ರಿ ಯಂತ್ರದ ಉರುಳೆಗಳ ನಡುವಿನಿಂದ ಬಿಸಿಬಿಸಿಯಾಗಿ ಹೊರಬಂದ ಶೀಟನ್ನು ಅವಳು ಎರಡು ತುದಿ ಹಿಡಿದು ಒಮ್ಮೆ ಕೊಡವಿದಳೆಂದರೆ, ಅದು ಗಾಳಿ ತುಂಬಿಕೊಂಡು ಉಬ್ಬಿ, ಅರೆಗಳಿಗೆ ಹಾಗೇ ನಿಂತು, ಆಮೇಲೆ ತನ್ನಷ್ಟಕ್ಕೆ ತಾನೇ ಮಡಚಿಕೊಂಡಂತೆ ಮೇಜಿನ ಮೇಲೆ ಇಳಿಯುತ್ತಿತ್ತು. ಆ ಅರೆಗಳಿಗೆ ಅವಳಿಗೆ ಬಲು ಇಷ್ಟ. ಶೀಟು ಉಬ್ಬಿ ನಿಂತಾಗ ಅದರಾಚೆಯ ಹಬೆ, ಯಂತ್ರದ ಗಡಗಡ, ಮೇಲ್ವಿಚಾರಕಿಯ ಗದರಿಕೆ ಎಲ್ಲವೂ ಮರೆಯಾಗಿ ಬರೀ ಬಿಳುಪು ಉಳಿಯುತ್ತಿತ್ತು. ಅಲ್ಲಿಗೆ ಹೋಗಿ ಬಂದವಳ ಹಾಗೆ ಕಣ್ಣು ಮಿಟುಕಿಸಿ ಮುಂದಿನ ಶೀಟಿಗೆ ಕೈ ಹಾಕುತ್ತಿದ್ದಳು.

ವರ್ಷಗಟ್ಟಲೆ ಕೊಡವಿದ ಭುಜ ಒಂದು ದಿನ ಕೈಕೊಟ್ಟಿತು. ತಲೆ ಬಾಚಿಕೊಳ್ಳಲೂ ಕೈ ಎತ್ತಲಾಗದ ಹಾಗಾಯಿತು. ಮೇಲ್ವಿಚಾರಕಿ ಬಾಯಲ್ಲಿ ಗದರುವವಳಾದರೂ ಮನಸ್ಸಿನಲ್ಲಿ ಮೆತ್ತಗಿನವಳು. ಮಡಿಕೆ ಅಕ್ಕನನ್ನು ಮೂಲೆಯ ಗಾಜಿನ ಕೋಣೆಗೆ ಹಾಕಿದಳು. ಅಲ್ಲಿ ಒಂದು ಕಂಪ್ಯೂಟರು. ಯಾವ ವಾರ್ಡಿಗೆ ಎಷ್ಟು ಶೀಟು, ಎಷ್ಟು ದಿಂಬಿನ ಚೀಲ, ಎಷ್ಟು ಗೌನು ಹೋಯಿತು, ಎಷ್ಟು ವಾಪಸು ಬಂತು, ಎಷ್ಟು ಹರಿಯಿತು ಅಂತ ಅದರಲ್ಲಿ ತುಂಬಬೇಕು. ಹೇಳಿಕೊಡಲು ಬಂದವರು ಉಗ್ರಾಣದ ಯಜಮಾನರು. ಸದಾ ಎಲೆಯಡಿಕೆ ಹಾಕಿಕೊಂಡವರ ಹಾಗೆ ಬಾಯಿ ಮುಚ್ಚಿಯೇ ನಗುವ ಮನುಷ್ಯ.

“ಇದಕ್ಕೂ ಶೀಟು ಅಂತಾನೇ ಹೆಸರು ಅಕ್ಕ. ನಿಮಗೇನೂ ಹೊಸದಲ್ಲ ಬಿಡಿ,” ಅಂದರು.

“ಇದೇನು ಸ್ವಾಮಿ ಶೀಟು? ಕಿಟಕಿಗೆ ಹಾಕೋ ಜಾಲರಿ ಇದ್ದಂಗಿದೆ,” ಅಂದಳು ಅವಳು.

ನಿಜಕ್ಕೂ ಅವಳಿಗೆ ಹಾಗೇ ಕಂಡಿತ್ತು. ಅಡ್ಡ ಗೀಟು, ಉದ್ದ ಗೀಟು, ಮೇಲೆ ಸಾಲುಸಾಲು ಗುಂಡಿಗಳು, ಪಕ್ಕದಲ್ಲಿ ಅಂಕಿ, ನೆತ್ತಿಯ ಮೇಲೆ ಅಕ್ಷರ. ಸ್ವಲ್ಪ ಹೊತ್ತು ದಿಟ್ಟಿಸಿದರೆ ಗೀಟುಗಳು ನೀರಲ್ಲಿ ಬಿದ್ದ ಬಲೆಯ ಹಾಗೆ ತೇಲತೊಡಗುತ್ತಿದ್ದವು. ಮನೆಗೆ ಹೋಗುವಾಗ ಬಸ್ಸಿನ ಸೀಟಿನ ಮೇಲೂ, ಎದುರು ಕೂತವರ ಮುಖದ ಮೇಲೂ ಗೀಟು. ತಲೆ ಚಿಟ್ಟು ಹಿಡಿದು, “ಮಡಚೋದೇ ವಾಸಿಯಾಗಿತ್ತು” ಅಂತ ಅತ್ತೆಯ ಮುಂದೆ ಗೊಣಗಿದಳು.

ಗಂಡ ತೀರಿಹೋದ ಮೇಲೂ ಅವಳು ಅತ್ತೆಯ ಜೊತೆಗೇ ಇದ್ದಳು. ಇಬ್ಬರಿಗೂ ಬೇರೆ ಕಡೆ ಹೋಗುವ ಮನಸ್ಸೂ ಇರಲಿಲ್ಲ, ಜಗಳವಾಡದೆ ಇರುವ ಅಭ್ಯಾಸವೂ ಇರಲಿಲ್ಲ. ಅತ್ತೆಗೆ ಕಣ್ಣು ಮುಕ್ಕಾಲು ಪಾಲು ಹೋಗಿತ್ತು. ಬಾಯಿ ಮಾತ್ರ ಪೂರ್ತಿ ಇತ್ತು. “ಬೇಡದ್ದನ್ನ ತೆಗೆದು ಹಾಕೇ. ಯಂತ್ರ ನಿನಗಾಗಿ ಇರೋದೋ, ನೀನು ಯಂತ್ರಕ್ಕೋ?” ಅಂದಳು ಅತ್ತೆ.

ಅದು ತಲೆಯಲ್ಲಿ ಉಳಿಯಿತು. ಮರುದಿನ ಉಗ್ರಾಣದ ಯಜಮಾನರನ್ನು ಹಿಡಿದು ಕೇಳಿದಾಗ, ಅವರು ಮೇಲಿನ ‘ವ್ಯೂ’ ಅನ್ನುವ ಮಾತನ್ನು ಒತ್ತಿ, ಒಂದು ಪುಟ್ಟ ಚೌಕದಲ್ಲಿದ್ದ ಟಿಕ್ ಗುರುತು ತೆಗೆದರು.

ಗೀಟುಗಳೆಲ್ಲ ಒಂದೇ ಸಲಕ್ಕೆ ಮಾಯವಾದವು.

ಅವಳು ಬಾಯಿ ತೆರೆದುಕೊಂಡು ಕೂತಳು. ಅಂಕಿಗಳು ಎಲ್ಲಿದ್ದವೋ ಅಲ್ಲೇ ಇದ್ದವು. ಅವುಗಳ ಸುತ್ತ ಬರೀ ಬಿಳುಪು. ಬಿಸಿ ಶೀಟು ಉಬ್ಬಿ ನಿಂತು, ಕೆಳಗಿಳಿಯುವುದನ್ನು ಮರೆತುಬಿಟ್ಟ ಹಾಗೆ. ಆಮೇಲೆ ಅವಳ ಕೈ ಸುಮ್ಮನಿರಲಿಲ್ಲ. ಬಿಡುವು ಸಿಕ್ಕಾಗಲೆಲ್ಲ ಒಂದೊಂದೇ ತೆಗೆಯುತ್ತ ಹೋದಳು. ಪಕ್ಕದ ಅಂಕಿಗಳ ಪಟ್ಟಿ ಹೋಯಿತು. ಗುಂಡಿಗಳ ಸಾಲು ಮಡಚಿಕೊಂಡಿತು. ಅಕ್ಷರ ಸಣ್ಣದು ಮಾಡಿದಳು, ಇನ್ನೂ ಸಣ್ಣದು ಮಾಡಿದಳು, ಇಡೀ ಆಸ್ಪತ್ರೆ ಒಂದೇ ಪರದೆಯಲ್ಲಿ ಹಿಡಿಸುವ ತನಕ. ದೂರದಿಂದ ಊರು ಕಂಡ ಹಾಗೆ ವಾರ್ಡುಗಳು ಕಂಡವು. ಹೆರಿಗೆ ವಾರ್ಡು ಅಲ್ಲಿ, ಮಕ್ಕಳ ವಾರ್ಡು ಇಲ್ಲಿ, ನಡುವೆ ಹಿಮ ಬಿದ್ದ ಬಯಲು. ಹಿಮ ಅವಳು ಕಂಡವಳಲ್ಲ. ಆದರೂ ಅದರ ಮೇಲೆ ಬರಿಗಾಲಲ್ಲಿ ನಡೆದು ಹೋಗುತ್ತಿದ್ದಳು, ವಾರ್ಡಿನಿಂದ ವಾರ್ಡಿಗೆ, ಹೆಜ್ಜೆ ಗುರುತಿನಂತೆ ಒಂದೊಂದು ಅಂಕಿ ಇಡುತ್ತ. ತಲೆನೋವು ಹೋಯಿತು.

ಒಂದು ಬೆಳಿಗ್ಗೆ ಬಂದು ಪರದೆ ತೆರೆದಳು. ಎಲ್ಲ ಕಪ್ಪು. ಕಾಡಿಗೆ ಬಳಿದ ಹಾಗೆ ಕಪ್ಪು, ಅದರ ಮೇಲೆ ಹಳದಿ ಅಕ್ಷರ, ಒಂದೊಂದು ಅಂಗೈ ಅಗಲ. ಗೀಟುಗಳು ವಾಪಸು ಬಂದಿದ್ದವು, ಮೊದಲಿಗಿಂತ ದಪ್ಪನಾಗಿ. ಶೀಟಿನ ಕಿಟಕಿಯನ್ನು ಕುಗ್ಗಿಸಿ ಪರದೆಯ ಎಡಕ್ಕೆ ಒತ್ತರಿಸಿದ್ದರು. ಬಲಗಡೆ ಅರ್ಧ ಖಾಲಿ.

ಕೆಟ್ಟಿದೆ ಅಂದುಕೊಂಡು ಯಜಮಾನರನ್ನು ಕರೆದಳು. ಅವರು ನೋಡಿ, “ಕೆಟ್ಟಿಲ್ಲ. ಮಧ್ಯಾಹ್ನದ ಪಾಳಿಗೆ ಹೊಸಬರು ಬಂದಿದ್ದಾರೆ. ಟೈಲರಣ್ಣ ಅಂತ. ಆಪರೇಷನ್ ಕಟ್ಟಡದಲ್ಲಿ ಹರಿದ ಬಟ್ಟೆ ಹೊಲೀತಿದ್ರು. ಬೆನ್ನುನೋವು ಅಂತ ಹೇಳಿ ಇಲ್ಲಿಗೆ ಕೇಳಿಕೊಂಡು ಬಂದ್ರು,” ಅಂದರು.

ಅವಳು ಅವನನ್ನು ನೋಡಿರಲಿಲ್ಲ. ನೌಕರರ ಬಸ್ಸು ಅವಳನ್ನು ಹತ್ತಿಸಿಕೊಂಡು ಹೋದ ಮೇಲೆ, ಅವನು ಇನ್ನೊಂದು ಗೇಟಿನಿಂದ ಬರುತ್ತಿದ್ದ. ಅವಳು ಎಲ್ಲವನ್ನೂ ಮತ್ತೆ ಬಿಳಿ ಮಾಡಿದಳು. ಮರುದಿನ ಮತ್ತೆ ಕಪ್ಪು. ಮತ್ತೆ ಬಿಳಿ. ಮತ್ತೆ ಕಪ್ಪು. ಕಾಣದವನ ಜೊತೆ ಜಗಳ ಹೀಗೆ ಬೆಳೆಯಿತು. ಹೊಲಿಗೆಯವನಿಗೆ ಗೀಟು ಹಾಕುವ ಚಟ ಎಲ್ಲಿ ಬಿಟ್ಟೀತು ಅಂತ ಮೂಗು ಮುರಿದಳು. ಕನಸಲ್ಲೂ ಅವನು ಬರತೊಡಗಿದ. ಮುಖವಿಲ್ಲದ ಮನುಷ್ಯ, ಕೈಯಲ್ಲಿ ದೊಡ್ಡ ಕತ್ತರಿ, ಅವಳ ಹಿಮದ ಬಯಲನ್ನು ಸೀಮೆಸುಣ್ಣದಿಂದ ಗುರುತು ಹಾಕಿ ತುಂಡು ತುಂಡು ಮಾಡುತ್ತಿದ್ದ. ಎದ್ದು ನೀರು ಕುಡಿದು, “ನಾಳೆ ಇದೆ ನಿನಗೆ” ಅಂದುಕೊಂಡು ಮಗ್ಗುಲು ಬದಲಿಸುತ್ತಿದ್ದಳು.

ಒಂದು ದಿನ ಹಟಕ್ಕೆ ಬಿದ್ದು ಅಕ್ಷರದ ಬಣ್ಣವನ್ನೂ ತಿಳಿ ಬೂದಿ ಮಾಡಿಟ್ಟು ಹೋದಳು. ಅವತ್ತೇ ಮಧ್ಯಾಹ್ನ ಕರೆಂಟು ಹೋಗಿ ತಡವಾಗಿ ಬಂದು, ಬಟ್ಟೆಯ ಗಂಟುಗಳು ರಾಶಿ ಬಿದ್ದು, ವಾರ್ಡಿನವರು ಬಾಗಿಲಲ್ಲಿ ನಿಂತು ಕೂಗಾಡುತ್ತಿದ್ದರಂತೆ. ಪರದೆಯ ಬಣ್ಣ ಬದಲಿಸಲು ಅವನಿಗೆ ಪುರುಸೊತ್ತೇ ಸಿಗಲಿಲ್ಲ. ಅವಳ ಬಿಳುಪಿನಲ್ಲೇ ತಡಕಾಡಿ ಓದಿದ. ಗೀಟಿಲ್ಲದ ಸಾಲಿನಲ್ಲಿ ಕಣ್ಣು ಜಾರಿ ಕೆಳಗಿನ ಸಾಲಿಗೆ ಇಳಿಯಿತು. ಮಕ್ಕಳ ವಾರ್ಡಿನ ಗೌನುಗಳ ಗಂಟು ಗಂಡಸರ ವಾರ್ಡಿಗೆ ಹೋಯಿತು. ಮರುದಿನ ಬಟ್ಟೆ ವಿಭಾಗದಲ್ಲಿ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಮೀಸೆ ಹೊತ್ತ ಒಬ್ಬರು ಮುದುಕರು ಬಾತುಕೋಳಿ ಚಿತ್ರದ ಗೌನಿನಲ್ಲಿ ಒಂದೇ ತೋಳು ತೂರಿಸಿಕೊಂಡು, “ಇನ್ನೊಂದು ಕೈ ಎಲ್ಲಿಡಲಿ ಸಿಸ್ಟರ್?” ಅಂತ ಕೇಳಿದರಂತೆ.

ಮಡಿಕೆ ಅಕ್ಕನೂ ನಕ್ಕಳು. ಆದರೆ ಮೇಲ್ವಿಚಾರಕಿ ಟೈಲರಣ್ಣನನ್ನು ಎಲ್ಲರೆದುರು ನಿಲ್ಲಿಸಿ ಬೈದಳೆಂದೂ, ಅವನು ತುಟಿ ಪಿಟಕ್ಕೆನ್ನಲಿಲ್ಲವೆಂದೂ ಕೇಳಿದಾಗ ನಗು ಅರ್ಧಕ್ಕೇ ನಿಂತಿತು. ಅಕ್ಷರ ಕಾಣದ ಹಾಗೆ ಮಾಡಿದ್ದು ಯಾರು ಅಂತ ಅವನು ಹೇಳಬಹುದಿತ್ತು.

ಸಂಜೆ ಅತ್ತೆಗೆ ಹಾಲು ಬಗ್ಗಿಸಿ ಕೊಡುತ್ತ ಇದನ್ನೆಲ್ಲ ಹೇಳಿದಳು. ಬಾತುಕೋಳಿಗೆ ಅತ್ತೆ ನಕ್ಕಾಳು ಅಂದುಕೊಂಡಿದ್ದಳು. ಅತ್ತೆ ನಗಲಿಲ್ಲ.

“ಕಪ್ಪಿನ ಮೇಲೆ ಹಳದಿ ಅಂದೆಯಾ?”

“ಹೂಂ ಅತ್ತೆ. ಹುಲಿ ವೇಷದ ಹಾಗೆ.”

“ಎಲ್ಲ ಎಡಗಡೆಗೇ ತಳ್ಳಿರ್ತಾನಾ?”

“ಹೌದು. ಬಲಗಡೆ ಏನೂ ಇಡಲ್ಲ. ಯಾಕೆ?”

ಅತ್ತೆ ಕೈಯಲ್ಲಿದ್ದ ಲೋಟವನ್ನು ಮುಂದೆ ಹಿಡಿದಳು. ಅದು ಕಪ್ಪು ಬಣ್ಣದ್ದು. “ಇದನ್ನ ನಾನು ಯಾಕೆ ತರಿಸಿದೆ ಹೇಳು? ಸ್ಟೀಲ್ ಲೋಟದಲ್ಲಿ ಹಾಲು ಇದೆಯೋ ಇಲ್ವೋ ನನಗೆ ಗೊತ್ತಾಗಲ್ಲ. ಕಪ್ಪಲ್ಲಿ ಬಿಳಿ ಎದ್ದು ಕಾಣತ್ತೆ. ನನಗೂ ಒಂದು ಕಡೆಯಿಂದಲೇ ಶುರುವಾಗಿದ್ದು. ಅವನು ಹಟಕ್ಕೆ ಮಾಡ್ತಿಲ್ಲ ಕಣೇ. ಅವನಿಗೆ ಕಾಣ್ತಿಲ್ಲ.”

ಹಾಲಿನ ಪಾತ್ರೆ ಹಿಡಿದುಕೊಂಡು ಅವಳು ಅಲ್ಲೇ ಕೂತುಬಿಟ್ಟಳು.

ಮರುದಿನ ಬೆಳಿಗ್ಗೆ ಪರದೆ ಕಪ್ಪಾಗಿಯೇ ಇತ್ತು. ಅವಳು ಮುಟ್ಟಲಿಲ್ಲ. ಅವನ ಕಪ್ಪಿನಲ್ಲೇ ಕೆಲಸ ಶುರುಮಾಡಿದಳು. ಮೊದಮೊದಲು ಹಳದಿ ಅಕ್ಷರಗಳು ಮೈಮೇಲೆ ಬಿದ್ದಂತೆ ಕಂಡವು. ಒಂದೊಂದೇ ವಾರ್ಡು ಕಾಣುತ್ತಿತ್ತು, ಮುಂದಿನದು ಬೇಕೆಂದರೆ ಸರಿಸಬೇಕು. ಅದು ನಿಧಾನದ ಲೋಕ. ಬೆಟ್ಟದ ತಿರುವಿನಲ್ಲಿ ಹೋಗುವ ಬಸ್ಸಿನಿಂದ ಕತ್ತಲಲ್ಲಿ ಒಂದು ಮನೆಯ ದೀಪ ಕಂಡು, ಅದು ಸರಿದ ಮೇಲೆ ಇನ್ನೊಂದು ಮನೆಯ ದೀಪ ಬರುವ ಹಾಗೆ ಅಂಕಿಗಳು ಬಂದು ಹೋದವು. ಗೀಟುಗಳು ಈಗ ಜಾಲರಿಯಂತೆ ಕಾಣಲಿಲ್ಲ. ಕತ್ತಲ ದಾರಿಯಲ್ಲಿ ಕೈಗೆ ಸಿಗುವ ಗೋಡೆಯಂತೆ ಕಂಡವು. ಒಬ್ಬ ಮನುಷ್ಯ ಈ ಗೋಡೆ ಸವರಿಕೊಂಡು ದಿನಾ ಇಲ್ಲಿ ನಡೆಯುತ್ತಿದ್ದ. ಅವಳು ದಿನಾ ಬಂದು ಗೋಡೆ ಕೆಡವುತ್ತಿದ್ದಳು.

ಅವತ್ತು ನೌಕರರ ಬಸ್ಸು ಹೊರಟುಹೋಯಿತು. ಅವಳು ಹತ್ತಲಿಲ್ಲ.

ಬಂದವನು ಅವಳ ಕನಸಿನವನಿಗಿಂತ ಕುಳ್ಳ. ನೆರೆತ ಕೂದಲು, ಅಂಗಿಯ ಜೇಬಿನ ಅಂಚಿನಲ್ಲಿ ಇನ್ನೂ ಚುಚ್ಚಿಕೊಂಡಿದ್ದ ಒಂದು ಸೂಜಿ. ಬಾಗಿಲ ಚೌಕಟ್ಟನ್ನು ಬಲಗೈಯಿಂದ ಮುಟ್ಟಿ ಒಳಗೆ ಬಂದ. ಕುರ್ಚಿಯ ಬಲಕ್ಕೆ ನಿಂತಿದ್ದ ಅವಳು ಅವನಿಗೆ ಕಾಣಲಿಲ್ಲ.

“ಅಣ್ಣ, ನಾನು ಬೆಳಗಿನ ಪಾಳಿಯವಳು,” ಅಂದಳು.

ಅವನು ಬೆಚ್ಚಿ, ಇಡೀ ಮುಖವನ್ನೇ ಅವಳ ಕಡೆ ತಿರುಗಿಸಿದ. “ಓಹ್, ಮಡಿಕೆ ಅಕ್ಕನಾ? ಏನಾದರೂ ತಪ್ಪಾಗಿದೆಯಾ ಅಕ್ಕ?”

ಜಗಳದ ಮಾತನ್ನೂ ಕ್ಷಮೆಯ ಮಾತನ್ನೂ ಒಟ್ಟಿಗೇ ಸಿದ್ಧಮಾಡಿಕೊಂಡು ಬಂದಿದ್ದವಳು ಎರಡನ್ನೂ ಬದಿಗಿಟ್ಟಳು. “ಬಿಳಿ ಮಾಡಿಟ್ಟರೆ ನಿಮಗೆ ಹೇಗೆ ಕಾಣತ್ತೆ ಅಣ್ಣ?” ಅಂತಷ್ಟೇ ಕೇಳಿದಳು.

ಅವನು ತಡೆದು ತಡೆದು ಹೇಳಿದ. “ಏನೂ ಕಾಣಲ್ಲ. ಮಂಜಲ್ಲಿ ನಿಂತ ಹಾಗೆ. ಮೊದಲ ದಿನ, ನೀವು ಎಲ್ಲಾ ಅಳಿಸಿಬಿಟ್ಟು ಹೋಗಿದೀರ ಅಂದ್ಕೊಂಡೆ. ಎಂಥಾ ಹೊಟ್ಟೆಕಿಚ್ಚಿನ ಹೆಂಗಸಪ್ಪಾ ಅಂತ ಬೈಕೊಂಡೆ.”

“ನಾನೂ ನಿಮ್ಮನ್ನ ಕಡಿಮೆಯೇನೂ ಬೈದಿಲ್ಲ ಬಿಡಿ.”

ಇಬ್ಬರೂ ನಕ್ಕರು. ಆಮೇಲೆ ಅವನು ದನಿ ತಗ್ಗಿಸಿದ. ಬೆನ್ನುನೋವು ಸುಳ್ಳು. ಸೂಜಿಗೆ ದಾರ ಪೋಣಿಸಲು ಆಗದೆ ಹೊಲಿಗೆ ಬಿಟ್ಟಿದ್ದ. ಕಣ್ಣಿನ ವಿಷಯ ಗೊತ್ತಾದರೆ ಮನೆಗೆ ಕಳಿಸಿಬಿಡುತ್ತಾರೆಂದು ಯಾರಿಗೂ ಹೇಳಿರಲಿಲ್ಲ, ಹೆಂಡತಿಗೂ.

“ಅಲ್ಲ ಅಣ್ಣ, ಆಸ್ಪತ್ರೆಯೊಳಗೇ ಕೂತು ಕಾಯಿಲೆ ಬಚ್ಚಿಡ್ತೀರಲ್ಲ! ಕಣ್ಣಿನ ಡಾಕ್ಟರು ಇಲ್ಲೇ ಮೆಟ್ಟಿಲು ಹತ್ತಿದ್ರೆ ಸಿಗ್ತಾರೆ. ನಮ್ಮತ್ತೆ ಹೀಗೇ ಮುಚ್ಚಿಟ್ಟು ಮುಚ್ಚಿಟ್ಟು, ಹೋಗೋ ಹೊತ್ತಿಗೆ ಉಳಿದಿದ್ದು ಒಂದು ಹಿಡಿ ಬೆಳಕು.”

ಅವನು ಜೇಬಿನ ಸೂಜಿಯನ್ನು ಸವರತೊಡಗಿದ. ಅವಳು ಒತ್ತಾಯಿಸಲಿಲ್ಲ. ಕುರ್ಚಿ ಎಳೆದುಕೊಂಡು, “ಮೊದಲು ಇದನ್ನ ಸರಿಮಾಡೋಣ” ಅಂದಳು. ಇಬ್ಬರೂ ‘ವ್ಯೂ’ ತೆರೆದು, ಅಲ್ಲಿರುವ ಮಾತುಗಳನ್ನೆಲ್ಲ ಒಂದೊಂದಾಗಿ ಒತ್ತಿ ನೋಡಿದರು. ಒಮ್ಮೆ ಶೀಟು ಎರಡಾಗಿ ಸೀಳಿಕೊಂಡಿತು. ಅದನ್ನು ಕೂಡಿಸಲು ಹೆಣಗಾಡಿದರು. ಒಮ್ಮೆ ಎಲ್ಲ ಗುಂಡಿಗಳೂ ಮಾಯವಾಗಿ, ಇಬ್ಬರೂ ಕಳ್ಳರ ಹಾಗೆ ಬಾಗಿಲ ಕಡೆ ನೋಡಿದರು. ಕೊನೆಗೆ ಒಂದು ದಾರಿ ಸಿಕ್ಕಿತು: ಪರದೆ ಹೇಗಿದೆಯೋ ಹಾಗೇ ಅದನ್ನು ಒಂದು ಹೆಸರಿಟ್ಟು ಉಳಿಸಿಕೊಳ್ಳಬಹುದು; ಬೇಕಾದಾಗ ಆ ಹೆಸರು ಒತ್ತಿದರೆ ಸಾಕು. ಅವಳದಕ್ಕೆ ‘ಬೆಳಗು’ ಅಂತಿಟ್ಟರು. ತನ್ನದಕ್ಕೆ ಅವನು ‘ಟೈಲರ್’ ಅಂತ ಒಂದೊಂದೇ ಅಕ್ಷರ ಹುಡುಕಿ ಒತ್ತಿದ.

ಆದರೆ ಗೀಟೂ ಅಕ್ಷರದ ಗಾತ್ರವೂ ಉಳಿದವೇ ಹೊರತು ಕಪ್ಪು ಬಣ್ಣ ಉಳಿಯಲಿಲ್ಲ. ಅದಕ್ಕೆ ಮತ್ತೆ ಉಗ್ರಾಣದ ಯಜಮಾನರೇ ಬೇಕಾದರು. ಕಂಪ್ಯೂಟರ್ ವಿಭಾಗದವರ ಬೆನ್ನು ಬಿದ್ದು, ಇಬ್ಬರಿಗೂ ಬೇರೆ ಬೇರೆ ಲಾಗಿನ್ ಮಾಡಿಸಿಕೊಟ್ಟರು. “ಒಂದೇ ಮನೆಗೆ ಎರಡು ಒಲೆ ಹೂಡಿದ ಹಾಗಾಯ್ತು ನೋಡಿ,” ಅಂತ ಬಾಯಿ ಮುಚ್ಚಿ ನಕ್ಕರು.

ಸ್ವಲ್ಪ ದಿನ ಕಳೆದ ಮೇಲೆ ಟೈಲರಣ್ಣ ತಾನಾಗಿಯೇ ಮೇಲ್ವಿಚಾರಕಿಯ ಮುಂದೆ ಹೋಗಿ ನಿಂತು ಇದ್ದದ್ದು ಇದ್ದಂತೆ ಹೇಳಿದ. ಅವಳು ಮೊದಲು ಗದರಿದಳು, ಆಮೇಲೆ ಮೂಗೊರೆಸಿಕೊಂಡು ಕಣ್ಣಿನ ವಿಭಾಗಕ್ಕೆ ಫೋನು ಮಾಡಿದಳು. ಹೋದ ನೋಟ ಬರುವುದಿಲ್ಲ, ದಿನಾ ಔಷಧಿ ಹಾಕಿದರೆ ಇರುವುದನ್ನು ಉಳಿಸಿಕೊಳ್ಳಬಹುದು ಅಂದರು ಡಾಕ್ಟರು. ಕೆಲಸ ಹೋಗಲಿಲ್ಲ. ಗಂಟುಗಳನ್ನು ಹೊರಡಿಸುವ ಮುಂಚೆ ಇನ್ನೊಬ್ಬರು ನೋಡಬೇಕು ಅಂತ ಮಾತ್ರ ಆಯಿತು. ಮಡಿಕೆ ಅಕ್ಕ ಆಮೇಲೆ ತನ್ನ ಪಾಳಿಯ ಬಸ್ಸು ಬಿಟ್ಟು ಅದರ ನಂತರದ ಬಸ್ಸಿಗೇ ಹೋಗತೊಡಗಿದಳು. ನಡುವೆ ಸಿಗುವ ಹೊತ್ತಿನಲ್ಲಿ ಇಬ್ಬರೂ ಚಹಾ ಕುಡಿಯುತ್ತಿದ್ದರು. ಅವಳಿಗಿಂತ ತಾನು ಚಿಕ್ಕವನೆಂದು ಅವನೂ, ಅವನಿಗಿಂತ ತಾನು ಚಿಕ್ಕವಳೆಂದು ಅವಳೂ ನಂಬಿದ್ದರಿಂದ ಅಣ್ಣ, ಅಕ್ಕ ಎರಡೂ ಹಾಗೇ ಉಳಿದವು.

ಮಳೆ ನಿಂತು ಬಿಸಿಲು ಚುರುಕಾದ ಒಂದು ಮಧ್ಯಾಹ್ನ ಟೈಲರಣ್ಣನನ್ನೂ ಅತ್ತೆಯನ್ನೂ ಕಣ್ಣಿನ ವಿಭಾಗದವರು ಒಂದೇ ದಿನ ಕರೆದಿದ್ದರು. ಬೆಂಚಿನ ಮೇಲೆ ಇಬ್ಬರನ್ನೂ ಅಕ್ಕಪಕ್ಕ ಕೂರಿಸಿ, ಪಾಪೆ ಅಗಲವಾಗುವ ಔಷಧಿ ಹಾಕಿ, ಪರೀಕ್ಷೆ ಮುಗಿಸಿ ಕಳಿಸಿದರು. ಹೊರಗೆ ಬಂದರೆ ಇಬ್ಬರಿಗೂ ಬೆಳಕು ತಡೆಯಲಾಗುತ್ತಿಲ್ಲ. ಮಡಿಕೆ ಅಕ್ಕ ನಡುವೆ ನಿಂತು, ಈ ಕೈಯಲ್ಲಿ ಅತ್ತೆಯನ್ನೂ ಆ ಕೈಯಲ್ಲಿ ಅವನನ್ನೂ ಹಿಡಿದುಕೊಂಡು ರಸ್ತೆಗೆ ಇಳಿದಳು. ಒದ್ದೆ ರಸ್ತೆ ಬಿಸಿಲಿಗೆ ಥಳಥಳಿಸುತ್ತಿತ್ತು. ಬಸ್ಸೊಂದು ಹಾರನ್ ಹೊಡೆದು ನಿಂತಿತು.

“ಕೆಂಪು ಬಸ್ಸಾ?” ಅಂದಳು ಅತ್ತೆ.

“ನೀಲಿ ಅಮ್ಮ, ನೀಲಿ,” ಅಂದ ಟೈಲರಣ್ಣ.

“ನಿನಗೇನಪ್ಪ ಕಾಣತ್ತೆ? ಕೆಂಪೇ.”

“ನಿಮಗಿಂತ ಒಂದು ಹಿಡಿ ಜಾಸ್ತಿನೇ ಕಾಣತ್ತೆ.”

ಬಸ್ಸು ಹಸಿರು ಬಣ್ಣದ್ದಾಗಿತ್ತು. ಅವಳು ಹೇಳಲಿಲ್ಲ. ಇಬ್ಬರ ಕೈಗಳೂ ಬೆಚ್ಚಗಿದ್ದವು. ಎದುರಿನ ಅಂಗಡಿಗಳು, ಗಾಡಿಗಳು, ಜನ ಎಲ್ಲ ಬಿಸಿಲಲ್ಲಿ ಕರಗಿ ತೇಲಿದ ಹಾಗೆ ಅವಳಿಗೂ ಕಂಡಿತು; ಅವಳ ಕಣ್ಣಿಗೆ ಯಾರೂ ಔಷಧಿ ಹಾಕಿರಲಿಲ್ಲ, ನೀರು ತಾನಾಗಿಯೇ ತುಂಬಿತ್ತು. ಬಸ್ಸಿನವನು ಕೈಬೀಸಿ ದಾಟಿ ಅಂದ. ಬಣ್ಣದ ಜಗಳ ಮುಗಿಯುವ ಲಕ್ಷಣ ಕಾಣದೆ ಅವಳು ಇಬ್ಬರನ್ನೂ ನಿಧಾನಕ್ಕೆ ದಾಟಿಸಿದಳು.