ಬೆನ್ನಿಗೆ ಗುಂಡಿ ಹಾಕಿಸಿಕೊಂಡ ಎ.ಸಿ.

ಗವಸಿನಕ್ಕನ ಮನೆಯಲ್ಲಿ ಬಟ್ಟೆ ತೊಡದ ಸಾಮಾನು ಹುಡುಕಿದರೂ ಸಿಗುತ್ತಿರಲಿಲ್ಲ. ಮಿಕ್ಸಿಗೆ ಹೂವಿನ ಗವಸು, ಫ್ರಿಜ್ಜಿನ ಹಿಡಿಗೆ ನೆರಿಗೆಯ ಗವಸು, ಟಿ.ವಿ. ರಿಮೋಟಿಗೆ ಜೇಬಿರುವ ಗವಸು. ರಿಮೋಟಿಗೆ ಜೇಬು ಯಾಕೆ ಎಂದು ಮಾತ್ರ ಯಾರೂ ಕೇಳಬಾರದು. ಕೇಳಿದರೆ ಅವಳು ಉತ್ತರ ಕೊಡುತ್ತಿದ್ದಳು, ಅದಕ್ಕೆ ಅರ್ಧ ಗಂಟೆ ಹಿಡಿಯುತ್ತಿತ್ತು. ಇಪ್ಪತ್ತೆಂಟು ವರ್ಷ ಬ್ಲೌಸು, ಫ್ರಾಕು ಹೊಲಿದ ಕೈ; ಗಿರಾಕಿ ಬಾರದ ದಿನವೂ ಸುಮ್ಮನೆ ಕೂರಲು ಅದಕ್ಕೆ ಬರುತ್ತಿರಲಿಲ್ಲ. ಬೀದಿಯವರು ತನಗಿಟ್ಟ ಹೆಸರು ಅವಳಿಗೆ ಗೊತ್ತಿತ್ತು, ಒಳಗೊಳಗೇ ಇಷ್ಟವೂ ಆಗಿತ್ತು.

ಗಂಡ ತೀರಿಕೊಂಡು ಎಂಟು ವರ್ಷವಾಗಿತ್ತು. ಮನೆಯಲ್ಲಿ ಉಳಿದವರು ಅವಳು ಮತ್ತು ಮಾವ, ಇಬ್ಬರೇ. ಎಂಬತ್ತೆರಡರ ಮಾವ ಹೊಲಿಗೆ ಕೋಣೆಯಲ್ಲೇ ಮಲಗುತ್ತಿದ್ದರು, ಹಗಲು ಅಲ್ಲೇ ಕುರ್ಚಿ ಹಾಕಿಕೊಂಡು ಬಟ್ಟೆಗಳಿಗೆ ಗುಂಡಿ ಹಾಕುತ್ತಿದ್ದರು. ಗುಂಡಿ ಮುಗಿದರೆ ಸೊಸೆಯ ತಪ್ಪು ಹುಡುಕುವ ಕೆಲಸ ಇದ್ದೇ ಇತ್ತು. ತೋಳು ಗಿಡ್ಡವಾಯಿತು, ದಾರದ ಬಣ್ಣ ಸೇರಲಿಲ್ಲ, ಚಹಾ ಬರೀ ನೀರು. ಅವಳೂ ಬಿಡುವವಳಲ್ಲ, ಒಂದಕ್ಕೆ ಎರಡು ಸೇರಿಸಿ ಹಿಂದಿರುಗಿಸುತ್ತಿದ್ದಳು. ಬೆಳಿಗ್ಗೆ ಇವರ ಜಗಳ ಕೇಳಿಸದಿದ್ದರೆ ಪಕ್ಕದ ಮನೆಯವರು ಕಿಟಕಿಯಿಂದ ಇಣುಕಿ ಎಲ್ಲ ಸರಿಯಾಗಿದೆಯೇ ಎಂದು ವಿಚಾರಿಸುತ್ತಿದ್ದರು.

ಮಾವನಿಗೆ ದಮ್ಮು. ಸೆಕೆಯೂ ಆಗದು, ಚಳಿಯೂ ಆಗದು. ಅದಕ್ಕೇ ಆ ಕೋಣೆಗೆ ಬೇಸಿಗೆಯಲ್ಲಿ ತಂಪು, ಚಳಿಗಾಲದಲ್ಲಿ ಬಿಸಿ ಎರಡನ್ನೂ ಕೊಡುವ ಎ.ಸಿ. ಹಾಕಿಸಿದ್ದರು. ಮೂರು ವರ್ಷ ಅದು ಚಕಾರ ಎತ್ತದೆ ದುಡಿಯಿತು. ಈ ಬೇಸಿಗೆಯಲ್ಲಿ ಮುನಿಸಿಕೊಂಡಿತು. ಗಾಳಿ ಬರುತ್ತಿದೆಯೋ ಇಲ್ಲವೋ ಎಂದು ಕೈಯೊಡ್ಡಿ ನೋಡಬೇಕಿತ್ತು. ತಂಪಿನ ಬದಲು ಗೋಡೆಯ ಮೇಲೆ ನೀರು ತೊಟ್ಟಿಕ್ಕುತ್ತಿತ್ತು. ಮಾವನ ಉಸಿರು ಕಟ್ಟತೊಡಗಿತು.

ಮಾವನ ಮಗಳು, ಅಂದರೆ ಗವಸಿನಕ್ಕನ ನಾದಿನಿ, ನೋಡಲು ಬಂದವಳು ಅಪ್ಪನ ಹಣೆ ಒರೆಸಿ, ದನಿ ಏರಿಸದೆಯೇ ಹೇಳಿದಳು: “ಭಾನುವಾರದೊಳಗೆ ಈ ಕೋಣೆ ತಣ್ಣಗಾಗದಿದ್ರೆ ಅಪ್ಪನ್ನ ನಮ್ಮನೆಗೆ ಕರ್ಕೊಂಡು ಹೋಗ್ತೀನಿ, ಅತ್ತಿಗೆ.”

ನಾದಿನಿ ಹೇಳಿದ್ದರಲ್ಲಿ ತಪ್ಪಿರಲಿಲ್ಲ, ಗವಸಿನಕ್ಕನಿಗೆ ಹೊಟ್ಟೆ ಉರಿಯಲು ಅದೇ ಕಾರಣ. ಅವಳು ಹೆತ್ತ ಮಗಳು. ಇವಳು ಇಲ್ಲದ ಮಗನ ಹೆಂಡತಿ. ತಡೆಯಲು ಇವಳಿಗೆ ಯಾವ ಹಕ್ಕು? ಮಾವ ಹೋದರೆ ಆ ಕುರ್ಚಿ ಖಾಲಿ, ಮನೆಯಲ್ಲಿ ಮಾತಾಡುವುದು ಹೊಲಿಗೆ ಯಂತ್ರ ಒಂದೇ. ಗವಸಿನಕ್ಕನಿಗೆ ಭಯವಾಯಿತು, ಭಯವಾದಾಗಲೆಲ್ಲ ಮಾಡುವಂತೆ ಮಾವನ ಮೇಲೆ ರೇಗಿದಳು.

ಗುರುವಾರ ಖಂಡಿತ ಬರುತ್ತೇನೆ ಎಂದ ಎ.ಸಿ. ಮೆಕ್ಯಾನಿಕ್ ಭಾನುವಾರ ಬಂದ. ಆ ಕಸುಬಿನ ಜನಕ್ಕೆ ವಾರದಲ್ಲಿ ಗುರುವಾರವೇ ಇರುವುದಿಲ್ಲ. ಅವನ ಬೆನ್ನಿಗೇ ನಾದಿನಿಯೂ ಮೆಟ್ಟಿಲು ಹತ್ತಿದಳು, ಕೈಯಲ್ಲಿ ದೊಡ್ಡದೊಂದು ಖಾಲಿ ಚೀಲ.

ಸರ್ವೀಸು ಯಾವಾಗ ಆಗಿತ್ತು ಎಂದು ಮೆಕ್ಯಾನಿಕ್ ಕೇಳಿದ. ದಿನಾ ಒರೆಸುತ್ತೇನೆ ಎಂದು ಗವಸಿನಕ್ಕ ಎದೆಯುಬ್ಬಿಸಿದಳು. ಅವನು ಬಾಲ್ಕನಿಗೆ ಹೋದ, ಹೊರಗಿನ ಯೂನಿಟ್ ನೋಡಿ ಅಲ್ಲೇ ನಿಂತುಬಿಟ್ಟ. ಅದಕ್ಕೂ ಗವಸು. ಫ್ಯಾನು ತಿರುಗುವ ಮುಂಭಾಗಕ್ಕೆ ದುಂಡನೆಯ ಕತ್ತು, ಕತ್ತಿಗೆ ಕೆಂಪು ಪೈಪಿಂಗಿನ ಅಂಚು. ಹಿಂದೆ ಮೇಲಿಂದ ಕೆಳಗಿನವರೆಗೆ ಹನ್ನೊಂದು ಗುಂಡಿ. ಉಸಿರಾಡಲು ಮುಖ ತೆರೆದಿದೆಯಲ್ಲ ಎಂದಳು ಅವಳು. ಬ್ಲೌಸಿನ ಲೆಕ್ಕದಲ್ಲಿ ಅದು ಸರಿಯೇ.

“ಅಕ್ಕಾ, ಇದು ಗಾಳಿ ಎಳ್ಕೊಳ್ಳೋದು ಬೆನ್ನಿಂದ. ಮುಂದೆ ಬರೀ ಹೊರಗೆ ಬಿಡುತ್ತೆ.”

ಒಳಗೆ ಬಂದು ಗೋಡೆಯ ಯೂನಿಟ್ಟಿನ ಮುಚ್ಚಳ ಎತ್ತಿದ. ಫಿಲ್ಟರಿನ ಮೇಲೆ ಇನ್ನೊಂದು ಫಿಲ್ಟರು, ನೀಲಿ ಗೆರೆಯ ದಪ್ಪ ಬಟ್ಟೆಯದು, ಅಂಚು ಮಡಿಸಿ ಚೊಕ್ಕವಾಗಿ ಹೊಲಿದದ್ದು. ಗಾಳಿಯಾಡದೆ ಹಿಂದಿನ ಕೊಳವೆಗಳ ಮೇಲೆ ಬೆರಳು ದಪ್ಪ ಹಿಮ ಕಟ್ಟಿತ್ತು. ನಾದಿನಿ ಬಟ್ಟೆಯನ್ನು ಬೆಳಕಿಗೆ ಹಿಡಿದಳು. ಅವಳ ಅಪ್ಪನ ಹಳೇ ಅಂಗಿ.

ಸುಳ್ಳು ಹೇಳಬಹುದಿತ್ತು. ಅಂಗಿ ಮಾವನದೇ, ಅವರೇ ಹೇಳಿ ಹಾಕಿಸಿದ್ದು ಎಂದರೆ ಯಾರು ಕೇಳುತ್ತಿದ್ದರು? ಗವಸಿನಕ್ಕ ಒಪ್ಪಿಕೊಂಡಳು: “ಧೂಳು ಮಾವನ ಎದೆಗೆ ಹೋಗಬಾರದು ಅಂತ ಈ ಬೇಸಿಗೆಗೆ ನಾನೇ ಹೊಲಿದು ಹಾಕಿದೆ.”

“ಹಾಗಾದ್ರೆ ಅಪ್ಪನ ಉಸಿರು ಕಟ್ಟಿಸಿದ್ದು ನೀವೇ,” ಎಂದಳು ನಾದಿನಿ.

ಮಾವ ಕುರ್ಚಿಯಲ್ಲಿ ಕೆಮ್ಮಿದರು. “ಹೊರಗಿನದಕ್ಕೆ ಗುಂಡಿ ಹಾಕಿದ್ದು ನಾನು,” ಎಂದರು. “ಹನ್ನೊಂದೂ. ಗಟ್ಟಿಯಾಗಿಯೇ ಹಾಕಿದ್ದೀನಿ.” ಮೆಕ್ಯಾನಿಕ್ ನಗು ತಡೆಯಲು ಗೋಡೆಯ ಕಡೆ ತಿರುಗಿಕೊಂಡ.

ಹಿಮ ಕರಗುವವರೆಗೆ ಎಲ್ಲರೂ ಕಾಯಬೇಕಾಯಿತು. ಅಷ್ಟರಲ್ಲಿ ಅವನು ಹೊರಗಿನ ಗವಸು ಬಿಚ್ಚಿದ, ಫಿಲ್ಟರುಗಳನ್ನು ತೊಳೆದು ನೆರಳಿಗಿಟ್ಟ, ಕೊಳವೆಗಳ ನಡುವಿನ ಧೂಳನ್ನು ಮೆತ್ತನೆ ಬ್ರಷ್ಷಿನಿಂದ ತೆಗೆದ, ನೀರು ಹೋಗುವ ಪೈಪನ್ನು ಊದಿ ಬಿಡಿಸಿದ. ಎರಡು ವಾರಕ್ಕೊಮ್ಮೆ ಫಿಲ್ಟರ್ ತೊಳೆಯಿರಿ, ಹೊರಗಿನದರ ಸುತ್ತ ಜಾಗ ಬಿಡಿ, ವರ್ಷಕ್ಕೊಮ್ಮೆ ನನ್ನನ್ನು ಕರೆಯಿರಿ, ದಯವಿಟ್ಟು ಏನನ್ನೂ ಹೊಲಿಯಬೇಡಿ ಎಂದ. ಸ್ವಿಚ್ಚು ಹಾಕಿದ ಹತ್ತೇ ನಿಮಿಷಕ್ಕೆ ಕೋಣೆ ತಣ್ಣಗಾಯಿತು. ಮಾವನ ಉಸಿರೂ ಹಗುರಾಯಿತು.

ನಾದಿನಿ ಮಾತ್ರ ಅಪ್ಪನ ಬಟ್ಟೆಗಳನ್ನು ಚೀಲಕ್ಕೆ ತುಂಬುತ್ತಲೇ ಇದ್ದಳು. ಇವತ್ತು ತಣ್ಣಗಾಯಿತು, ನಾಳೆ ಅತ್ತಿಗೆ ಇನ್ನೇನು ಹೊಲಿಯುತ್ತಾರೋ ಯಾರಿಗೆ ಗೊತ್ತು ಎಂದಳು. ತನ್ನ ಮನೆಯಲ್ಲಿ ಎಲ್ಲ ಅನುಕೂಲವಿದೆ, ಅಲ್ಲಿ ಅಪ್ಪನಿಗೆ ಎದುರಾಡುವವರು ಒಬ್ಬರೂ ಇಲ್ಲ ಎಂದಳು. ಗವಸಿನಕ್ಕ ಬಾಗಿಲಲ್ಲಿ ನಿಂತಿದ್ದಳು. ತಪ್ಪು ಅವಳದೇ, ಏನೆಂದು ಬೇಡಿಕೊಳ್ಳುವುದು?

“ಅದೇ ತೊಂದರೆ ಕಣಮ್ಮ,” ಎಂದರು ಮಾವ. “ನಿನ್ನ ಮನೇಲಿ ಎಲ್ರೂ ನನ್ನ ಹತ್ರ ಮೆಲ್ಲಗೆ ಮಾತಾಡ್ತೀರಿ, ಇವತ್ತೋ ನಾಳೆಯೋ ಹೋಗೋ ಮುದುಕನ ಹತ್ರ ಮಾತಾಡೋ ಹಾಗೆ. ಇವಳೊಬ್ಬಳೇ ನನ್ನ ಜೊತೆ ಸರಿಯಾಗಿ ಜಗಳ ಆಡೋದು.”

ಗವಸಿನಕ್ಕ ತಿರುಗಿ ಏನೋ ಹೇಳಲು ಬಾಯಿ ತೆರೆದಳು, ಮಾತಿನ ಬದಲು ಅಳು ಬಂತು. ನಾದಿನಿ ಅವಳನ್ನು ನೋಡಿದಳು, ಅಪ್ಪನನ್ನು ನೋಡಿದಳು. ಆಮೇಲೆ ಚೀಲದಿಂದ ಅಂಗಿಗಳನ್ನು ಒಂದೊಂದಾಗಿ ತೆಗೆದು ಮತ್ತೆ ಬೀರುವಿನಲ್ಲಿಟ್ಟಳು.